ಜ್ವರದ ಪಾಳಿ

2025ರ ಮೇ ಕೊನೆಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತು. ಕೋವಿಡ್ ಪ್ರಕರಣಗಳು ಮತ್ತೆ ಅಲ್ಲಲ್ಲಿ ಕಾಣಿಸಿಕೊಂಡಿದ್ದವು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ಬಂದರೆ ಪೋಷಕರಿಗೆ ತಿಳಿಸಿ ವಾಪಸ್ ಕಳಿಸಿ, ಲಕ್ಷಣಗಳು ಪೂರ್ತಿ ಹೋದ ಮೇಲಷ್ಟೇ ಶಾಲೆಗೆ ಬರಲಿ ಎಂಬುದು ಅದರ ಸಾರ. ತಪ್ಪು ಹುಡುಕುವಂಥದ್ದೇನೂ ಅದರಲ್ಲಿಲ್ಲ. ಆದರೆ ಬಸವೇಶ್ವರನಗರದ ಹಾವನೂರು ಸರ್ಕಲ್ ಆಸುಪಾಸಿನ ಯಾವುದೇ ಎಲ್‌ಕೆಜಿ ಮಗುವಿನ ತಾಯಿಗೆ ಅದನ್ನು ಓದಿ ಹೇಳಿದ್ದರೆ ಆಕೆ ಎರಡು ಪ್ರಶ್ನೆ ಕೇಳುತ್ತಿದ್ದಳು. ಮನೆಗೆ ಕಳಿಸಿ ಅಂದರೆ, ಮನೆಯಲ್ಲಿ ಯಾರ ಕೈಗೆ? ಕೆಮ್ಮು ಪೂರ್ತಿ ಹೋಗಬೇಕು ಅಂದರೆ, ಯಾವ ತಿಂಗಳಿಗೆ?

ಎರಡನೆಯದನ್ನು ಮೊದಲು ನೋಡೋಣ. ಸಾಧಾರಣ ನೆಗಡಿಯ ಜೊತೆ ಬಂದ ಕೆಮ್ಮು ಅರ್ಧದಷ್ಟು ಮಕ್ಕಳಲ್ಲಿ 10 ದಿನಕ್ಕೆ ಇಳಿಯುತ್ತದೆ. ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ನಿಲ್ಲಬೇಕಾದರೆ 25 ದಿನ ಬೇಕು. ಮಳೆ ನಿಂತರೂ ಮರದ ಹನಿ ನಿಲ್ಲುವುದಿಲ್ಲ. ಇನ್ನು, ಐದು ವರ್ಷದೊಳಗಿನ ಆರೋಗ್ಯವಂತ ಮಗುವಿಗೇ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ-ಜ್ವರ ಬರುವುದು ವಾಡಿಕೆ. ಪ್ಲೇಹೋಮ್‌ಗೋ ಡೇಕೇರ್‌ಗೋ ಹೋಗುವ ಮಗುವಾದರೆ ಹತ್ತು-ಹನ್ನೆರಡು. ಗುಣಿಸಿ ನೋಡಿ. ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದರೆ ಎಷ್ಟೋ ಮಕ್ಕಳು ಜೂನ್‌ನಲ್ಲಿ ಒಂದು ದಿನ ಶಾಲೆಗೆ ಹೋಗಿ, ದಸರಾ ರಜೆಯವರೆಗೂ ಮನೆಯಲ್ಲೇ ಉಳಿಯಬೇಕಾದೀತು.

ಅಮೆರಿಕದ ಯೂಟಾದಲ್ಲಿ 26 ಕುಟುಂಬಗಳ 108 ಜನರ ಮೂಗಿನ ದ್ರವವನ್ನು ಇಡೀ ವರ್ಷ, ವಾರವಾರವೂ ತೆಗೆದು ಪರೀಕ್ಷಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಮಕ್ಕಳಿಲ್ಲದ ಮನೆಯಲ್ಲಿ ಯಾರಾದರೊಬ್ಬರ ಮೂಗಿನಲ್ಲಿ ವೈರಸ್ ಸಿಕ್ಕಿದ್ದು ವರ್ಷದ ಮೂರು-ನಾಲ್ಕು ವಾರ ಮಾತ್ರ. ಒಂದು ಮಗುವಿದ್ದ ಮನೆಯಲ್ಲಿ ಅದು 18 ವಾರಕ್ಕೆ ಏರಿತು. ಎರಡು ಮಕ್ಕಳಾದರೆ ಅರ್ಧ ವರ್ಷಕ್ಕಿಂತ ಹೆಚ್ಚು. ಆರು ಮಕ್ಕಳ ಮನೆಯಲ್ಲಿ 45 ವಾರ. ಹೀಗೆ ಸಿಕ್ಕ ವೈರಸ್‌ಗಳಲ್ಲಿ ಸುಮಾರು ಅರ್ಧಭಾಗ ಯಾವ ಲಕ್ಷಣವನ್ನೂ ತೋರಿಸಿರಲಿಲ್ಲ ಅನ್ನುವುದು ಬೇರೆ ಮಾತು. ‘ನಮ್ಮ ಮನೆಗೆ ಯಾರ ಕಣ್ಣು ಬಿತ್ತೋ’ ಎಂದು ಮೆಣಸಿನಕಾಯಿ-ಉಪ್ಪು ನಿವಾಳಿಸುವ ಅಜ್ಜಿಯಂದಿರಿಗೆ ಈ ಲೆಕ್ಕ ತೋರಿಸಬಹುದು. ನಿವಾಳಿಸುವುದನ್ನು ಅವರು ಬಿಡಲಾರರು, ಬಿಡಬೇಕಾಗಿಯೂ ಇಲ್ಲ.

ನಮ್ಮ ಮನೆಯಲ್ಲೂ ಇಬ್ಬರು. ದೊಡ್ಡವಳು ಯುಕೆಜಿ, ಚಿಕ್ಕವನಿಗೆ ಇನ್ನೂ ಎರಡು ತುಂಬಿಲ್ಲ. ಇಬ್ಬರಿದ್ದರೆ ಕಾಯಿಲೆ ಒಟ್ಟಿಗೆ ಬರುವುದಿಲ್ಲ, ಪಾಳಿಯಲ್ಲಿ ಬರುತ್ತದೆ. ನೆಗಡಿ ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಒಂದರಿಂದ ಮೂರು ದಿನ ಸಾಕು. ವಾಂತಿ-ಭೇದಿ ತರುವ ನೋರೋವೈರಸ್ ಒಂದೆರಡು ದಿನದಲ್ಲೇ ಕೆಲಸ ಮುಗಿಸುತ್ತದೆ. ಕೈ-ಕಾಲು-ಬಾಯಿ ರೋಗಕ್ಕೆ ಮೂರರಿಂದ ಆರು ದಿನ. ಚಿಕನ್‌ಪಾಕ್ಸ್ ಬಂತೆಂದರೆ ಮೊದಲ ಮಗುವಿನ ಹಕ್ಕಳೆ ಉದುರಿ, ಬೇವಿನ ಸೊಪ್ಪು ಹಾಕಿದ ನೀರಿನಲ್ಲಿ ತಲೆಗೆ ಸ್ನಾನವಾಗಿ, ಮನೆಯವರು ಉಸ್ಸಪ್ಪಾ ಅನ್ನುವಷ್ಟರಲ್ಲಿ ಎರಡನೆಯದಕ್ಕೆ ಗುಳ್ಳೆ ಏಳುತ್ತದೆ: ಅದರ ಕಾವು ಎರಡು ವಾರದ ಆಸುಪಾಸು. ಮನೆಯಲ್ಲೇ ಅಂಟಿಸಿಕೊಂಡ ಎರಡನೆಯ ಮಗುವಿಗೆ ಗುಳ್ಳೆ ಹೆಚ್ಚಾಗಿಯೇ ಏಳುವುದುಂಟು. ಜ್ವರ ಒಂದೇ ಮಗುವಿನದಾಗಿದ್ದರೆ ಮೂರು ರಾತ್ರಿಯ ಮಾತು. ಪಾಳಿಯಾದಾಗ ಅದು ಮೂರು ವಾರದ ಸಂಸಾರ.

ಕೈ-ಕಾಲು-ಬಾಯಿ ರೋಗವನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರಲ್ಲಿ ನಿಜವಾದ ಕಷ್ಟ ಕೈಯಲ್ಲೂ ಇಲ್ಲ, ಕಾಲಲ್ಲೂ ಇಲ್ಲ. ಬಾಯೊಳಗೆ ಹುಣ್ಣಾದ ಮಗು ತುಟಿಗೆ ಚಮಚ ತಾಗಿಸಿದರೆ ಚೀರುತ್ತದೆ. ಬಿಸಿ ಅನ್ನ-ಸಾರು ಬೇಡ, ಗಂಜಿಯೂ ಬೇಡ. ವೈದ್ಯರು ‘ತಣ್ಣಗಿರೋದು ಏನು ತಿಂದರೂ ಕೊಡಿ, ಐಸ್‌ಕ್ರೀಮ್ ಆದರೂ ಸರಿ’ ಅಂದಾಗ ನಮ್ಮ ಅತ್ತೆಯವರ ಮುಖ ನೋಡಬೇಕಿತ್ತು. ಥಂಡಿಯಾದ ಮಗುವಿಗೆ ಐಸ್‌ಕ್ರೀಮ್ ಬರೆದುಕೊಡುವ ಡಾಕ್ಟರ ಡಿಗ್ರಿಯ ಬಗ್ಗೆ ಅವರಿಗೆ ಇವತ್ತಿಗೂ ಅನುಮಾನವಿದೆ. ಕೊನೆಗೆ ಒಪ್ಪಂದವಾಗಿದ್ದು ಉಪ್ಪು ಕಡಿಮೆ ಹಾಕಿದ ತಣ್ಣನೆಯ ಮೊಸರನ್ನಕ್ಕೆ. ಅದಾಗಿ ಒಂದೂವರೆ ತಿಂಗಳಿಗೆ, ಕಾಯಿಲೆ ಮರೆತೇಹೋಗಿದ್ದಾಗ, ಸ್ನಾನ ಮಾಡಿಸುತ್ತಿದ್ದರೆ ದೊಡ್ಡವಳ ಹೆಬ್ಬೆರಳಿನ ಉಗುರು ಬುಡದಿಂದ ಎದ್ದುಬಂತು. ಎರಡು ದಿನಕ್ಕೆ ಇನ್ನೊಂದು. ರಕ್ತವಿಲ್ಲ, ನೋವಿಲ್ಲ, ಅಡಿಯಲ್ಲಿ ಆಗಲೇ ಎಳೆಯ ಉಗುರು. ಈ ರೋಗ ಬಂದುಹೋದ ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ; ಜ್ವರದ ದಿನಗಳಲ್ಲಿ ಉಗುರಿನ ಬೆಳವಣಿಗೆ ನಿಂತು ಆಮೇಲೆ ಮತ್ತೆ ಶುರುವಾದ ಗುರುತು ಅದು. ಚಿಕಿತ್ಸೆ ಬೇಕಿಲ್ಲ. ಆದರೆ ಮೊದಲೇ ಯಾರೂ ಹೇಳಿರದ ತಾಯಿ ಆ ರಾತ್ರಿ ನಿದ್ದೆ ಮಾಡುವುದಿಲ್ಲ.

ಇನ್ನು ಕ್ಲಿನಿಕ್. ರಾಜಾಜಿನಗರವಾಗಲಿ, ಅತ್ತಿಗುಪ್ಪೆಯಾಗಲಿ, ಕೆಂಗೇರಿ ಉಪನಗರವಾಗಲಿ, ಸಂಜೆ ಏಳಕ್ಕೆ ಮಕ್ಕಳ ಡಾಕ್ಟರ ಬಾಗಿಲಲ್ಲಿ ಚಪ್ಪಲಿ ರಾಶಿ ಒಂದೇ ಥರ. ಜ್ವರಕ್ಕೆ ಸಂಜೆ ಏರುವ ಸ್ವಭಾವ, ಅಪ್ಪ-ಅಮ್ಮನಿಗೆ ಆಗಲೇ ಬಿಡುವು. ಸರ್ಕಾರದ ನಮ್ಮ ಕ್ಲಿನಿಕ್‌ಗಳು 2023ರಿಂದೀಚೆಗೆ ನಗರದಲ್ಲಿ ವಾರ್ಡ್‌ ವಾರ್ಡ್‌ಗೂ ಬಂದವು. ವೈದ್ಯರು, ನರ್ಸ್, ಔಷಧಿ, ಪ್ರಯೋಗಾಲಯ ಎಲ್ಲ ಉಚಿತ. ಒಳ್ಳೆಯ ಯೋಜನೆ. ಆದರೆ ಸಾಮಾನ್ಯವಾಗಿ ಅವು ಬಾಗಿಲು ಹಾಕುವ ನಾಲ್ಕೂವರೆಗೆ ಗಾರ್ಮೆಂಟ್ಸ್ ಕಾರ್ಖಾನೆಯ ಗಂಟೆ ಹೊಡೆದೇ ಇರುವುದಿಲ್ಲ. ಹಾಗಾಗಿ ಟೋಕನ್ ಹಿಡಿದು ಖಾಸಗಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂರುವುದು. ಅಲ್ಲಿ ಒಂದು ಮಗು ಕೆಮ್ಮುತ್ತದೆ, ಇನ್ನೊಂದು ಅದರ ಕೈಯ ಆಟದ ಕಾರಿಗೆ ಕೈಚಾಚುತ್ತದೆ. ಮುಂದಿನ ಪಾಳಿ ಅಲ್ಲೇ ನಿಗದಿಯಾಗುತ್ತದೆ.

ನಮ್ಮಲ್ಲಿ ಡಾಕ್ಟರಿಗೆ ಓದಿಗಿಂತ ಕೈಗುಣ ಮುಖ್ಯ. ಮೊದಲ ದಿನ ಮನೆ ಪಕ್ಕದ ಡಾಕ್ಟರು ಬರೀ ಪ್ಯಾರಸಿಟಮಾಲ್ ಬರೆದು, ಇದು ವೈರಲ್, ನಾಲ್ಕು ದಿನ ಕಾಯಿರಿ ಅನ್ನುತ್ತಾರೆ. ಎರಡನೆಯ ರಾತ್ರಿ ಮೈ ಕೆಂಡ. ಮೂರನೆಯ ದಿನ ಇನ್ನೊಬ್ಬರ ಬಳಿ ಓಟ; ಅವರು ಆ್ಯಂಟಿಬಯಾಟಿಕ್ ಸೇರಿಸುತ್ತಾರೆ. ನಾಲ್ಕನೆಯ ದಿನ ಜ್ವರ ಬಿಡುತ್ತದೆ. ಅದು ಹೇಗಿದ್ದರೂ ಬಿಡುತ್ತಿತ್ತು. ಹೆಸರು ಬರುವುದು ಮಾತ್ರ ಎರಡನೆಯವರ ಕೈಗುಣಕ್ಕೆ. ಪ್ರಾಮಾಣಿಕವಾಗಿ ಕಾಯಲು ಹೇಳಿದವರು ‘ಏನೂ ಕೊಡಲ್ಲ ಕಣ್ರೀ’ ಅನ್ನಿಸಿಕೊಳ್ಳುತ್ತಾರೆ. ವೈರಸ್ಸಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ ಎಂದು ವೈದ್ಯರಿಗೆ ಗೊತ್ತಿಲ್ಲವೆಂದಲ್ಲ. ಬೆಂಚಿನ ಮೇಲೆ ಕೂತ ನಮ್ಮ ಆತುರವೂ ಆ ಚೀಟಿಯ ಅರ್ಧ ಸಾಲನ್ನು ಬರೆಸುತ್ತದೆ.

ಆತುರಕ್ಕೆ ಬೆಲೆ ಎಷ್ಟಾದೀತು ಎನ್ನುವುದಕ್ಕೆ 2025ರ ಸೆಪ್ಟೆಂಬರ್-ಅಕ್ಟೋಬರ್‌ನ ಸುದ್ದಿಯೇ ಸಾಕು. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾದಾ ಕೆಮ್ಮು-ನೆಗಡಿಗೆ ಕೋಲ್ಡ್ರಿಫ್ ಎಂಬ ಸಿರಪ್ ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ತಮಿಳುನಾಡಿನ ಕಾಂಚೀಪುರದಲ್ಲಿ ತಯಾರಾದ ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ಕೈಗಾರಿಕಾ ರಾಸಾಯನಿಕ ಶೇ 48.6ರಷ್ಟು ಇತ್ತು. ವಿಷ ಬೆರೆತದ್ದು ಕಾರ್ಖಾನೆಯ ಪಾಪ. ಆದರೆ ಅಕ್ಟೋಬರ್ 3ರಂದು ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ಮತ್ತೆ ನೆನಪಿಸಿದ ವಿಷಯ ಬೇರೆಯೇ: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಲೂಬಾರದು, ಮಾರಲೂಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಅಂದರೆ ಸಿರಪ್ ಶುದ್ಧವಾಗಿದ್ದರೂ ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಬೇಕಿರಲಿಲ್ಲ. ಮೂಗು ಕಟ್ಟಿದರೆ ಉಪ್ಪುನೀರಿನ ಹನಿ, ವರ್ಷ ದಾಟಿದ ಮಗುವಾದರೆ ಒಂದು ಚಮಚ ಜೇನು, ಬೆಚ್ಚನೆಯ ನೀರು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ಅಪರೂಪಕ್ಕೆ ಬೊಟುಲಿಸಂ ತರುವ ಬೀಜಾಣು ಇರುತ್ತದೆ.

ಔಷಧಿ ಡಬ್ಬಿಯ ಇನ್ನೊಂದು ಅಪಾಯ ಮನೆಯಲ್ಲೇ ಇದೆ. ರಾತ್ರಿ ಎರಡಕ್ಕೆ, ಮೊಬೈಲ್ ಟಾರ್ಚಿನಲ್ಲಿ, ಪ್ಯಾರಸಿಟಮಾಲ್ ಬಾಟಲಿಗಳನ್ನು ಸಾಲಾಗಿ ಇಟ್ಟು ನೋಡಿ. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದು ಮಿಲಿಲೀಟರಿಗೇ 100 ಮಿಲಿಗ್ರಾಂ. ಸಿರಪ್ಪುಗಳಲ್ಲಿ ಒಂದರಲ್ಲಿ ಐದು ಮಿಲಿಲೀಟರಿಗೆ 120 ಅಥವಾ 125, ಇನ್ನೊಂದರಲ್ಲಿ 240 ಅಥವಾ 250. ಬಣ್ಣವೂ ಒಂದೇ, ಮುಚ್ಚಳವೂ ಒಂದೇ. ಡ್ರಾಪ್ಸ್ ಬಾಟಲಿಯನ್ನು ಸಿರಪ್ಪೆಂದು ತಿಳಿದು ಐದು ಮಿಲಿಲೀಟರ್ ಹಾಕಿದರೆ ಮಗುವಿನ ಹೊಟ್ಟೆಗೆ ಹೋಗುವುದು ದೊಡ್ಡವರ ಮಾತ್ರೆಯಷ್ಟು. ಲೆಕ್ಕ ವಯಸ್ಸಿನದಲ್ಲ, ತೂಕದ್ದು: ಕಿಲೋಗೆ ಸುಮಾರು 15 ಮಿಲಿಗ್ರಾಂ, ಎರಡು ಡೋಸ್ ನಡುವೆ ನಾಲ್ಕರಿಂದ ಆರು ಗಂಟೆ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ. ಫ್ರಿಜ್ಜಿನ ಬಾಗಿಲಿಗೆ ಈ ಚೀಟಿ ಅಂಟಿಸಿಟ್ಟರೆ, ಕೊಟ್ಟ ಹೊತ್ತನ್ನೂ ಅಲ್ಲೇ ಬರೆದರೆ, ಅಮ್ಮ ಕೊಟ್ಟಿದ್ದು ಗೊತ್ತಿಲ್ಲದೆ ಅಪ್ಪ ಮತ್ತೊಮ್ಮೆ ಕೊಡುವುದು ತಪ್ಪುತ್ತದೆ. ಪ್ಯಾರಸಿಟಮಾಲಿಗೆ ಜ್ವರ ಜಗ್ಗಲಿಲ್ಲವೆಂದು ಮೆಫೆನಾಮಿಕ್ ಆಸಿಡ್ ಇರುವ ಸಿರಪ್ಪನ್ನು ಮೆಡಿಕಲ್ ಸ್ಟೋರಿನಿಂದ ಕೇಳಿ ತರುವ ರೂಢಿಯೂ ನಮ್ಮ ಕಡೆ ಇದೆ. ಆ ಔಷಧಿಯಿಂದ ಚರ್ಮ ಮತ್ತು ಒಳ ಅಂಗಗಳಿಗೆ ಅಪರೂಪದ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ನವೆಂಬರ್‌ನಲ್ಲಿ ಎಚ್ಚರಿಸಿತ್ತು. ಕೇಳಿ ತರುವ ಔಷಧಿ ಅದಲ್ಲ.

ಭೇದಿಗೆ ಓಆರ್‌ಎಸ್ ಎಂದು ಕೇಳಿದರೆ ಎಷ್ಟೋ ವರ್ಷ ನಮ್ಮ ಅಂಗಡಿಗಳಲ್ಲಿ ಕೈಗೆ ಬರುತ್ತಿದ್ದುದು ಬಣ್ಣದ ಪೆಟ್ಟಿಗೆಯ ಸಿಹಿ ಪಾನೀಯ. ಅದರಲ್ಲಿರುವ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಬಡಿದಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಅಕ್ಷರಗಳನ್ನು ಮುದ್ರಿಸುವುದನ್ನೇ ನಿಷೇಧಿಸಿತು. ಬೇಕಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಒಮ್ಮೆಲೇ ಕಲಸಬೇಕು, ಲೋಟಕ್ಕೆ ಚಿಟಿಕೆಯಂತೆ ಅಲ್ಲ. ಜೊತೆಗೆ 14 ದಿನ ಸತು. ಪಕ್ಕದಲ್ಲಿ ಅಜ್ಜಿಯ ಉಪ್ಪು ಹಾಕಿದ ಗಂಜಿತಿಳಿ, ನೀರುಮಜ್ಜಿಗೆ ಇದ್ದರೆ ಡಾಕ್ಟರಿಗೂ ಸಂತೋಷ.

ಅಜ್ಜಿಯಂದಿರ ವೈದ್ಯದ ಬಗ್ಗೆ ನನ್ನ ನಿಲುವು ಸರಳ. ದೊಡ್ಡಪತ್ರೆ ಬಾಡಿಸಿ ಹಿಂಡಿದ ರಸ, ಬೇವಿನೆಲೆಯ ತಂಪು, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಗಂಟೆಗಟ್ಟಲೆ ಬೆನ್ನು ನೀವುವುದು ಯಾರಿಗೂ ಕೇಡು ಮಾಡಿದ್ದಿಲ್ಲ. ಕಣ್ಣಿಗೆ ಎಣ್ಣೆ ಬಿಡುವುದು, ಹೊಟ್ಟೆಗೆ ಬರೆ ಹಾಕುವುದು, ಫಿಟ್ಸ್ ಬಂದ ಮಗುವಿನ ಬಾಯಿಗೆ ಚಮಚ ತುರುಕುವುದು ಕೇಡು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಂದಿಗೆ ಜ್ವರದಲ್ಲಿ ಒಮ್ಮೆಯಾದರೂ ಫಿಟ್ಸ್ ಬರುತ್ತದೆ. ನೋಡಿದವರ ಜೀವ ಬಾಯಿಗೆ ಬಂದರೂ ಹೆಚ್ಚಿನವು ತಾವಾಗಿಯೇ ನಿಲ್ಲುತ್ತವೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವ, ಈರುಳ್ಳಿ ಮೂಸಿಸುವ ಗಡಿಬಿಡಿಯ ಬದಲು ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಅದಕ್ಕೆ ಮುಂಚೆ ನಿಂತರೂ, ಅದು ಮೊದಲ ಸಲವಾದರೆ ಅವತ್ತೇ ವೈದ್ಯರಿಗೆ ತೋರಿಸಬೇಕು.

ಹಾಗೆಯೇ ಉಬ್ಬಸ. ‘ಪಂಪ್ ಅಭ್ಯಾಸ ಆಗಿಬಿಡುತ್ತೆ’ ಎಂದು ಇನ್ಹೇಲರನ್ನು ಬೀರುವಿನಲ್ಲಿ ಬಚ್ಚಿಟ್ಟು, ತಿಂಗಳಿಗೊಮ್ಮೆ ನೆಬುಲೈಸೇಶನ್‌ಗೆ ಓಡುವ ಮನೆಗಳು ಎಷ್ಟೋ. ಅಮೆರಿಕದ ಟುಸಾನ್‌ನಲ್ಲಿ 1980ರ ದಶಕದಿಂದ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ, ಮೂರು ವರ್ಷದೊಳಗೆ ಎದೆ ಗುಯ್ಗುಟ್ಟಿದ ಮಕ್ಕಳಲ್ಲಿ ಸುಮಾರು ಶೇ 60ರಷ್ಟು ಆರನೆಯ ವಯಸ್ಸಿಗೆ ಅದರಿಂದ ಪಾರಾಗಿದ್ದರು. ಅದೇ ಅಧ್ಯಯನದ ಇನ್ನೊಂದು ಸಂಗತಿ ಪ್ಲೇಹೋಮ್ ಪೋಷಕರಿಗೆ ಸ್ವಲ್ಪ ಸಮಾಧಾನ ತಂದೀತು: ಎರಡನೆಯ ವರ್ಷದಲ್ಲಿ ಹೆಚ್ಚು ನೆಗಡಿ ಅನುಭವಿಸಿದ ಡೇಕೇರ್ ಮಕ್ಕಳಿಗೆ ಆರರಿಂದ ಹನ್ನೊಂದರವರೆಗೆ ನೆಗಡಿ ಕಡಿಮೆ. ಹದಿಮೂರಕ್ಕೆ ಬಂದಾಗ ಎಲ್ಲರೂ ಸಮ.

ಹಾಗಾದರೆ ಯಾವಾಗ ಹೆದರಬೇಕು? ಥರ್ಮಾಮೀಟರಿನ ಅಂಕಿ ನೋಡಿ ಹೆದರುವುದಕ್ಕಿಂತ ಅಂಗಿ ಎತ್ತಿ ಎದೆ ನೋಡುವುದು ಒಳ್ಳೆಯದು. ಉಸಿರೆಳೆದಾಗ ಪಕ್ಕೆ ಒಳಕ್ಕೆ ಗುಳಿ ಬೀಳುತ್ತಿದೆಯೇ? ನಿಮಿಷಕ್ಕೆ ಉಸಿರು ಎಷ್ಟು? ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಆಮೇಲೆ ಐದು ವರ್ಷದವರೆಗೆ 40 ಮುಟ್ಟಿದರೆ ಅದು ಹೆಚ್ಚು. ಆರೆಂಟು ಗಂಟೆ ಮೂತ್ರವಿಲ್ಲ, ಜ್ವರ ಇಳಿದಾಗಲೂ ಮಗು ಆಡುವುದಿಲ್ಲ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ — ಇವಕ್ಕೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಡೆಂಗಿಯದು ತಿರುವುಮುರುವು ಲೆಕ್ಕ. ನಾಲ್ಕೈದನೆಯ ದಿನ ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರುಬಿಡುವ ಹೊತ್ತಿಗೇ ಹೊಟ್ಟೆನೋವು, ವಾಂತಿ, ಮಂಕು ಶುರುವಾದರೆ ಅದೇ ಅಪಾಯದ ಗಳಿಗೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಸಾಕುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ ದಂಡ ಗೊತ್ತುಮಾಡಿತು. ಅದರ ಮುಂದೆ 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಎದ್ದ ಗುಲ್ಲು ನಗು ತರಿಸುವಂಥದ್ದು. 2001ರಲ್ಲೇ ಗುರುತಿಸಲ್ಪಟ್ಟ, ಅದಕ್ಕೂ ಎಷ್ಟೋ ಮೊದಲಿನಿಂದ ಮಕ್ಕಳ ಮೂಗಿನಲ್ಲಿ ಮನೆ ಮಾಡಿದ್ದ ವೈರಸ್ ಅದು. ಆ ವಾರ ಅದಕ್ಕೆ ಟಿವಿಯಲ್ಲಿ ಹೆಸರು ಸಿಕ್ಕಿತು, ಅಷ್ಟೇ.

ಲಸಿಕೆಯ ವಿಷಯದಲ್ಲಿ ಒಂದು ಬಿರುಕು ಹೇಳಲೇಬೇಕು. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಸರ್ಕಾರಿ ಲಸಿಕೆಯಲ್ಲಿ ಮಂಗನಬಾವಿಗೆ ಜಾಗವಿಲ್ಲ. ಖಾಸಗಿ ವೈದ್ಯರು, ಭಾರತೀಯ ಮಕ್ಕಳ ವೈದ್ಯರ ಸಂಘದ ಪಟ್ಟಿಯಂತೆ, ಮೂರೂ ಸೇರಿದ ಎಂಎಂಆರ್ ಹಾಕುತ್ತಾರೆ. ಚಿಕನ್‌ಪಾಕ್ಸ್, ಫ್ಲೂ ಲಸಿಕೆಗಳೂ ಹಾಗೇ, ದುಡ್ಡು ಕೊಟ್ಟವರಿಗೆ. ಆದ್ದರಿಂದ ಒಂದೇ ಬೀದಿಯಲ್ಲಿ, ಒಂದೇ ಶಾಲಾ ವ್ಯಾನಿನಲ್ಲಿ, ಒಂದು ಮಗುವಿಗೆ ಕೆನ್ನೆ ಊದುತ್ತದೆ, ಪಕ್ಕದ್ದಕ್ಕೆ ಇಲ್ಲ. 2024ರಲ್ಲಿ ಮಂಗನಬಾವು ರಾಜ್ಯದಲ್ಲಿ ಹೆಚ್ಚಿದಾಗ ಈ ಬಿರುಕು ಕಣ್ಣಿಗೆ ಬಿತ್ತು.

ಈಗ ಆ ಮೊದಲ ಪ್ರಶ್ನೆ, ಮನೆಯಲ್ಲಿ ಯಾರ ಕೈಗೆ? ಇಷ್ಟೆಲ್ಲ ಬರೆದದ್ದಕ್ಕೆ ಕಾರಣವೇ ಅದು. ಮಕ್ಕಳ ಈ ಸರಣಿ ಕಾಯಿಲೆಗೆ ವೈದ್ಯಶಾಸ್ತ್ರದ ಉತ್ತರ ಬಹುಪಾಲು ‘ಕಾಯಿರಿ, ನೋಡಿಕೊಳ್ಳಿ’. ಕಾಯಲು ಮನೆಯಲ್ಲೊಬ್ಬರು ಬೇಕು. ಅವರಿಲ್ಲದ ಕಡೆ ಕಾಯುವ ಜಾಗಕ್ಕೆ ಬಾಟಲಿ ಬರುತ್ತದೆ. ಬೆಳಗ್ಗೆ ಏಳಕ್ಕೆ ಜ್ವರದ ಔಷಧಿ ಹಾಕಿ, ಮೈ ತಣ್ಣಗಾದ ಮಗುವನ್ನು ಎಂಟೂವರೆಗೆ ವ್ಯಾನು ಹತ್ತಿಸುವ ಉಪಾಯ ಬರುತ್ತದೆ. ಹನ್ನೊಂದಕ್ಕೆ ಶಾಲೆಯಿಂದ ಫೋನ್, ಅದೂ ಅಮ್ಮನ ನಂಬರಿಗೇ. ಅಪ್ಪಂದಿರ ನಂಬರೂ ದಾಖಲೆಯಲ್ಲಿ ಇರುತ್ತದೆ, ಎರಡನೆಯ ಸಾಲಿನಲ್ಲಿ.

ಕಾಮಾಕ್ಷಿಪಾಳ್ಯದ ಹೊಲಿಗೆ ಕೆಲಸದವಳೊಬ್ಬಳ ಲೆಕ್ಕ ಹಾಕಿ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರಿಗೆ ಇಎಸ್‌ಐ ಇದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಅವಳ ಮಗುವಿಗೆ ಚಿಕಿತ್ಸೆ ಸಿಗುತ್ತದೆ. ಅವಳಿಗೇ ಕಾಯಿಲೆಯಾದರೆ ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ 70ರಷ್ಟು ಹಣವೂ ಬರುತ್ತದೆ. ಆದರೆ ಅದೇ ಮಗುವಿನ ಹಾಸಿಗೆ ಪಕ್ಕ ಕೂತ ದಿನಕ್ಕೆ ಏನೂ ಇಲ್ಲ. ಅಂಗಡಿ-ಕಚೇರಿಗಳ ನೌಕರರಿಗೆ 1961ರ ಕರ್ನಾಟಕದ ಕಾಯಿದೆ ಕಾಯಿಲೆಗೋ ಬೇರೆ ನ್ಯಾಯವಾದ ಕಾರಣಕ್ಕೋ ವರ್ಷಕ್ಕೆ 12 ದಿನ ಸಂಬಳದ ರಜೆ ಕೊಡುತ್ತದೆ. ಎಂಟು ಜ್ವರ, ಪ್ರತಿಯೊಂದಕ್ಕೆ ಮೂರು ದಿನವೆಂದರೂ 24. ಅದೂ ಒಂದೇ ಮಗುವಾದರೆ. ಮಹಿಳಾ ಸರ್ಕಾರಿ ನೌಕರರಿಗೆ ರಾಜ್ಯ ಸರ್ಕಾರ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು, ಕೇಂದ್ರದವರಿಗೆ ಅದು ಮೊದಲಿನಿಂದಲೇ ಎರಡು ವರ್ಷದಷ್ಟಿದೆ. ಸ್ವೀಡನ್‌ಗೆ ಹೋಗಿ ನೆಲೆಸಿರುವ ಕನ್ನಡದ ಟೆಕ್ಕಿಗಳಿಗೆ ಅಲ್ಲಿನ ವಿಮೆ, ಮಗುವಿಗೆ ಹುಷಾರಿಲ್ಲದ ದಿನ ಮನೆಯಲ್ಲಿ ಉಳಿದ ತಾಯಿಗೋ ತಂದೆಗೋ ಸಂಬಳದ ಸುಮಾರು ಶೇ 80ರಷ್ಟನ್ನು ಕೊಡುತ್ತದೆ, ಮಗುವೊಂದಕ್ಕೆ ವರ್ಷಕ್ಕೆ 120 ದಿನದವರೆಗೆ. ಅಲ್ಲಿಯ ವೈರಸ್ಸೂ ನಮ್ಮದೇ ವೈರಸ್ಸು.

ಇಲ್ಲಿ ಆ ವಿಮೆಯ ಹೆಸರು ಅಜ್ಜಿ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೊ ಕೆಂಗೇರಿ ಮುಟ್ಟಿದ ಮೇಲೆ, ಕೆಂಗೇರಿಯ ಮಗಳ ಮನೆಗೂ ವಿಜಯನಗರದ ಮಗನ ಮನೆಗೂ ನಡುವೆ ಅಜ್ಜಿಯನ್ನು ಕರೆತರುವುದು, ಕಳಿಸುವುದು ಸುಲಭವಾಗಿದೆ. ಕೈಯಲ್ಲೊಂದು ವೈರು ಬುಟ್ಟಿ, ಅದರಲ್ಲಿ ದೊಡ್ಡಪತ್ರೆ, ತಮ್ಮದೇ ಬಿಪಿ ಮಾತ್ರೆ. ಅಜ್ಜಿ ಬಂದ ರಾತ್ರಿ ಕಥೆಯೂ ಉಂಟು. ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ ಸಂಪುಟಗಳು ಇನ್ನೂ ಕೆಲವು ಮನೆಗಳ ಕಪಾಟಿನಲ್ಲಿವೆ, ಸ್ವತಃ ವೈದ್ಯೆಯಾಗಿದ್ದ ಅವರು ಜ್ವರದ ಮಗುವಿನ ರಾತ್ರಿ ಎಷ್ಟು ಉದ್ದವೆಂದು ತಿಳಿದೇ ಬರೆದಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಆದರೆ ಅರವತ್ತೈದು ದಾಟಿದ ಅಜ್ಜಿಗೆ ಮೊಮ್ಮಗುವಿನ ಫ್ಲೂ ಅಂಟಿದರೆ ಅದು ಮಗುವಿಗಿಂತ ಅವರಿಗೆ ಗಟ್ಟಿ ಪೆಟ್ಟು. ಫ್ಲೂ ಲಸಿಕೆ ಮಗುವಿಗೆ ಹಾಕಿಸಲೋ ಬೇಡವೋ ಎಂದು ಚರ್ಚಿಸುವ ಮನೆಗಳಲ್ಲಿ ಅಜ್ಜಿಯ ತೋಳಿನ ಸುದ್ದಿ ಯಾರೂ ಎತ್ತುವುದಿಲ್ಲ.

ಅಜ್ಜಿಯೂ ಇಲ್ಲದ ಮನೆಯ ದಾರಿ ಇನ್ನೊಂದು. ‘ಮಗುವಿಗೆ ಹುಷಾರಿಲ್ಲ’ ಎಂದು ತಿಂಗಳಲ್ಲಿ ಎರಡನೆಯ ಸಲ ಬರೆದರೆ ಮೇಲಿನವರ ಹುಬ್ಬು ಏರುತ್ತದೆಂದು ರಜೆಯ ಸಂದೇಶದಲ್ಲಿ ‘ನನಗೇ ಜ್ವರ’ ಎಂದು ಹಾಕುವುದು. ನನ್ನ ಪರಿಚಯದ ತಾಯಂದಿರಲ್ಲಿ ಹೀಗೆ ಬರೆಯದವರು ಕಡಿಮೆ. ಅವರಿಗೆ ನಿಜವಾಗಿ ಜ್ವರ ಬರುವುದು ಅದರ ಮುಂದಿನ ವಾರ, ಮಕ್ಕಳಿಬ್ಬರ ಪಾಳಿ ಮುಗಿದ ಮೇಲೆ. ಆಗ ಅವರು ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ.